ಖಾಲಿ ಡಬ್ಬಿಗೆ ತುಂಬಿದ ಕಲ್ಲಿನ ಕೆಸರು

ಶಹಾಬಾದದ ಪಾಲಿಶ್ ಕಾರ್ಖಾನಿಯೊಳಗ ನಾನು ಹದಿನಾರು ವರ್ಷ ಫರ್ಶಿಕಲ್ಲು ಹೊತ್ತಾಕಿ. ತಲಿ ಮ್ಯಾಲೆ ಅರಿವಿ ಸಿಂಬಿ, ಸಿಂಬಿ ಮ್ಯಾಲೆ ಕಲ್ಲು, ಮಷೀನಿನಿಂದ ಲಾರಿ ತನಕ. ಒಂದೂ ಫರ್ಶಿ ಒಡದಿಲ್ಲ. ಅಂಥಾದ್ದರಾಗ ಸಾವುಕಾರನ ಮಗ ಕಾಲೇಜಿನ ಸೂಟಿಗೆ ಬಂದವ, ನಾನು ನೀರು ಕುಡೀಲಿಕ್ಕೆ ಒಂದು ಗಳಿಗಿ ನಿಂತದ್ದು ನೋಡಿದ.

"ಅಪ್ಪಾ, ಈ ಮುದುಕಿ ಕೈಲೆ ಇನ್ನ ಆಗಂಗಿಲ್ಲ. ಕಸಾ ಹೊಡೀಲಿಕ್ಕೆ ಹಚ್ಚು."

ನನಗ ಆಗ ನಲವತ್ತೈದೂ ತುಂಬಿದ್ದಿಲ್ಲ. ಸಾವುಕಾರ ಹೂಂ ಅಂದ. ನನ್ನ ಸಿಂಬಿ ಗೂಟಕ್ಕ ಹೋಯ್ತು, ಕೈಗೆ ಕಸಬರಗಿ ಬಂತು. ನನಗ ಆ ಸಿಂಬಿ ತಿರುಗಿ ಬೇಕಿತ್ತು. ಅದಕ್ಕೂ ಮೊದಲು ಆ ಹುಡುಗನ ಮಾರಿ ಸಣ್ಣದಾಗೋದು ನೋಡಬೇಕಿತ್ತು.

ಅವರ ಕಾಲೇಜಿನ ಮಾಸ್ತರು, ಯಾವುದರೇ ಸಾಮಾನಿನ ಜಾಹೀರಾತು ವಿಡಿಯೋ ತಗೊಂಡು ಬರ್ರಿ ಅಂದಿದ್ದರಂತ. ಇವ ಆರಿಸಿದ್ದು ಪೈಲವಾನರು ಎತ್ತೋ ವಜನು: ನಡುವ ಸಲಾಕಿ, ಎರಡೂ ಕಡಿ ಕಬ್ಬಿಣದ ಗುಂಡು. ಖರೇದು ಎತ್ತೋ ತಾಕತ್ತು ಅವನ ತೋಳಿಗಿಲ್ಲ. ಬಣ್ಣದ ಎರಡು ದೊಡ್ಡ ಖಾಲಿ ಡಬ್ಬಿ ತಂದು, ತೂತು ಹೊಡದು ಪೈಪಿಗೆ ಪೋಣಿಸಿ ನನ್ನ ಮುಂದ ಒಗದ. ಅಪ್ಪನ ಮುಂದ ಮಾತ್ರ, "ಖರೇ ಕಬ್ಬಿಣ ಅಪ್ಪಾ, ದಿನಾ ಮುಂಜಾನಿ ಎತ್ತತೀನಿ" ಅಂದಿದ್ದ.

"ಏ ಮುದುಕಿ, ಐತವಾರ ಶೂಟಿಂಗ್ ಅದ. ಇವಕ್ಕ ಕರೀ ಬಣ್ಣ ಹಚ್ಚು. ಕಬ್ಬಿಣದಂಗ ಕಾಣಬೇಕು."

"ಕಾಣ್ತಾವ್ರಿ ಸಣ್ಣ ಸಾವುಕಾರ್ರೆ."

ಪಾಲಿಶ್ ಮಷೀನಿನ ಬುಡಕ ಕಲ್ಲಿನ ಕೆಸರು ನಿಂದರ್ತದ. ಹಸಿ ಇದ್ದಾಗ ಮಜ್ಜಿಗಿ, ಒಣಗಿದರ ಬಂಡಿಗಲ್ಲು. ಅದನ್ನ ಬಳದು ಹೊರಗ ಚೆಲ್ಲೋದು ನನ್ನ ಹೊಸ ಕೆಲಸ. ಚೆಲ್ಲಲಿಲ್ಲ. ಎರಡು ಬೊಗಸಿ ಸಿಮಿಂಟ್ ಕಲಸಿ ಡಬ್ಬಿಗೆ ತುಂಬಿದೆ, ಮುಚ್ಚಳ ಬಡದೆ, ನಾಲ್ಕು ದಿನ ಬಿಸಿಲಿಗಿಟ್ಟು ಕರೀ ಬಣ್ಣ ಹಚ್ಚಿದೆ.

ಐತವಾರ ಅವನ ಗೆಳೆಯ ಮದುವಿ ವಿಡಿಯೋ ತೆಗಿಯೋ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಬಂದ. ಸಾವುಕಾರ ಕುರ್ಚಿ ಮ್ಯಾಲೆ, ಕಲ್ಲು ಹೊರೋ ಹೆಣ್ಣುಮಕ್ಕಳು ಫರ್ಶಿ ಮ್ಯಾಲೆ ಕುಂತರು. ನಮ್ಮ ಪೈಲವಾನ ಮೈಗೆಲ್ಲ ಎಣ್ಣಿ ಬಳಕೊಂಡು, ಕೆಂಪು ಬನಿಯನ್ ಹಾಕಿ ಬಂದು, "ನಿಮ್ಮ ತಾಕತ್ತು ಲೋಕಾ ನೋಡಲಿ!" ಅಂತ ಒದರಿ, ಬಗ್ಗಿ ಎಳದ.

ಪೈಪು ಅಲುಗಲಿಲ್ಲ.

"ಭಾರಿ ಆಕ್ಟಿಂಗ್ ಲೇ!" ಅಂದ ಗೆಳೆಯ. "ಖರೇನ ವಜ್ಜಿ ಇದ್ದಂಗ ಕಾಣ್ತದ. ಸಾಕು, ಈಗ ಎತ್ತು."

ಸಿಟ್ಟಿಲೆ ಮತ್ತ ಎಳದ. ನಡಾ ಹಿಡೀತು. "ಯವ್ವಾ!" ಅಂತ ಅಲ್ಲೇ ಕುಂತ.

"ಏನಾತೋ? ದಿನಾ ಎತ್ತತೀನಿ ಅಂತಿದ್ದಿ?" ಅಂದ ಸಾವುಕಾರ.

ಹುಡುಗ ನನ್ನ ಕಡಿ ನೋಡಿದ. ಡಬ್ಬಿ ಖಾಲಿ ಇದ್ದವು ಅಂದರ ಅಪ್ಪನ ಮುಂದ ಹೇಳಿದ ಸುಳ್ಳು ಬಯಲಾಗತದ.

ನಾನು ಕಸಬರಗಿ ಇಟ್ಟೆ. "ಸರೀರಿ ಸಣ್ಣ ಸಾವುಕಾರ್ರೆ. ಮುದುಕಿ ಕಸಾ ಹೊಡೀಬೇಕು, ಇದು ಅಡ್ಡ ಬಿದ್ದದ."

ಭಾರ ಬೆನ್ನಿಲೆ ಎತ್ತಬಾರದು, ಮೊಣಕಾಲಿಲೆ ಎತ್ತಬೇಕು. ಫರ್ಶಿ ಹೊತ್ತವರಿಗೆ ಇದು ಗೊತ್ತು, ಕಾಲೇಜಿನ್ಯಾಗ ಕಲಿಸಂಗಿಲ್ಲ. ಕುಕ್ಕರಗಾಲಿಲೆ ಕುಂತು, ಪೈಪು ತೊಡಿಗೇರಿಸಿ, ಎದ್ದು ಹತ್ತು ಹೆಜ್ಜಿ ನಡದು ಗ್ವಾಡಿಗೆ ಆನಿಸಿ ಇಟ್ಟೆ. ಹೆಣ್ಣುಮಕ್ಕಳು ಕೇಕಿ ಹಾಕಿದರು. ಗೆಳೆಯ ಕ್ಯಾಮೆರಾ ಬಂದ್ ಮಾಡಿದ್ದಿಲ್ಲ.

ಸಾವುಕಾರ ಮಗನ್ನ ನೋಡಿದ, ನನ್ನ ನೋಡಿದ. "ನಾಳಿಗಿ ಸಿಂಬಿ ತಗೋ" ಅಂದು ಎದ್ದು ಹೋದ.

ಸಂಜಿಮುಂದ ಮನಿಗೆ ಕರೆಸಿದರು. ಹುಡುಗನ ನಡಕ್ಕ ಎಣ್ಣಿ ತಿಕ್ಕಬೇಕಂತ. ಅವರವ್ವ ಬಿಸಿನೀರು ತರಲಿಕ್ಕೆ ಒಳಗ ಹೋದಾಗ ಅವ ಸಣ್ಣಗ ಕೇಳಿದ, "ಡಬ್ಬಿಯೊಳಗ ಏನು ಹಾಕಿದ್ದಿ?"

"ಕಸಾ ರೀ, ನೀವ ಹೊಡೀಲಿಕ್ಕೆ ಹಚ್ಚಿದ್ದು" ಅಂದೆ. ಹೆಬ್ಬೆರಳು ನೋವಿರೋ ಜಾಗಕ್ಕ ಇಟ್ಟು, ಎದ್ದು ನಿಂತು ಒತ್ತಿದೆ.