ಶಿಡ್ಲಘಟ್ಟ, ಹತ್ತರಿಂದ ಎರಡರವರೆಗೆ

ಶುಕ್ರವಾರ ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಶಿಡ್ಲಘಟ್ಟದಿಂದ ಫೋನ್ ಬಂತು. ನಿಮಿಷದ ಲೆಕ್ಕ ಇಷ್ಟು ಖಚಿತವಾಗಿ ಗೊತ್ತಿರುವುದು ಆಮೇಲೆ ಯಂತ್ರ ತಾನೇ ಬರೆದಿಡುವ ದಿನಚರಿಯಾದ ಲಾಗ್ ಕಡತವನ್ನು ಎಷ್ಟೋ ಸಲ ತೆರೆದು ನೋಡಿದ್ದರಿಂದ. ಹನ್ನೆರಡು ನಲವತ್ತರ ಎದುರು ಅಲ್ಲಿ ‘ಸರಿ ಇದೆ’ ಎಂದು ಬರೆದಿದೆ. ಅದರ ಹಿಂದಿನ ಐದು ನಿಮಿಷಕ್ಕೂ ‘ಸರಿ ಇದೆ’, ಮುಂದಿನ ಐದು ನಿಮಿಷಕ್ಕೂ ‘ಸರಿ ಇದೆ’. ಹಾಗೆ ಬರೆಯುವಂತೆ ಆ ಯಂತ್ರಕ್ಕೆ ಹೇಳಿಕೊಟ್ಟವಳು ನಾನು.

ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಇಂಜಿನಿಯರಿಂಗ್ ಮುಗಿಸಿ, ಮುದ್ದೇನಹಳ್ಳಿ ಕಡೆಯ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತ, ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಟವರ್ ನಿಲ್ಲಿಸಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರಿಗೆ ಇಂಟರ್‌ನೆಟ್ ಕೊಡುವ ಕಂಪನಿ ಅದು. ಒಂದೊಂದು ಊರಿನಲ್ಲಿ ಒಂದೊಂದು ಬಾಡಿಗೆ ಕೋಣೆ. ಕೋಣೆಯಲ್ಲಿ ಎರಡು ಸರ್ವರ್, ಒಂದು ಏಸಿ, ಕರೆಂಟ್ ಹೋದರೆ ನಡೆಸಲು ಯುಪಿಎಸ್, ಅದರ ಬ್ಯಾಟರಿಗಳ ಸಾಲು, ನೋಡಿಕೊಳ್ಳಲು ಒಬ್ಬ ಆಪರೇಟರ್. ನಾಲ್ಕೂ ಕೋಣೆಗಳ ಮೇಲೆ ಚಿಕ್ಕಬಳ್ಳಾಪುರದಲ್ಲಿ ಕೂತು ಕಣ್ಣಿಡುವುದು ನನ್ನ ಕೆಲಸ.

ಅದಕ್ಕಾಗಿ ಒಂದು ತಂತ್ರಾಂಶವಿತ್ತು. ಅದಕ್ಕೆ ತನ್ನಷ್ಟಕ್ಕೆ ಏನೂ ತಿಳಿಯದು. ಪ್ರೊಸೆಸರ್ ಎಷ್ಟು ದಣಿದಿದೆ, ಡಿಸ್ಕ್ ಎಷ್ಟು ತುಂಬಿದೆ, ಕೋಣೆ ಎಷ್ಟು ಬಿಸಿಯಾಗಿದೆ ಎಂದು ಒಂದೊಂದನ್ನೂ ನೋಡಿ ಬರಲು ಒಂದೊಂದು ಪುಟ್ಟ ಪ್ಲಗಿನ್ ಬೇಕು. ಅವನ್ನು ನಾನು ಶೆಲ್ ಸ್ಕ್ರಿಪ್ಟಿನಲ್ಲಿ, ಅಂದರೆ ಯಂತ್ರ ಒಂದೊಂದಾಗಿ ಓದಿ ನಡೆಸುವ ಆಜ್ಞೆಗಳ ಸಾಲುಗಳಲ್ಲಿ, ಬರೆಯುತ್ತಿದ್ದೆ. ಇಪ್ಪತ್ತು ಮೂವತ್ತು ಸಾಲು, ಅಷ್ಟೆ. ಪ್ರತಿ ಪ್ಲಗಿನ್ ಕೊನೆಗೆ ಒಂದು ಅಂಕಿ ಹೇಳಿ ಮುಗಿಯಬೇಕು. ಸೊನ್ನೆ ಎಂದರೆ ಸರಿ ಇದೆ, ಪರದೆಯ ಮೇಲೆ ಹಸಿರು. ಒಂದು ಎಂದರೆ ಎಚ್ಚರಿಕೆ, ಹಳದಿ. ಎರಡು ಎಂದರೆ ಅಪಾಯ, ಕೆಂಪು. ಮೂರು ಎಂದರೆ ಗೊತ್ತಿಲ್ಲ. ಕೆಂಪಾದರೆ ನನ್ನ ಮೊಬೈಲಿಗೂ ಸರ್ ಮೊಬೈಲಿಗೂ ಮೆಸೇಜು ಹೋಗುತ್ತಿತ್ತು. ಸರ್ ಎಂದರೆ ಕಂಪನಿಯ ಯಜಮಾನರು.

ಶಿಡ್ಲಘಟ್ಟದ ಕೋಣೆ ರೇಷ್ಮೆ ನೂಲು ತೆಗೆಯುವ ಒಂದು ಘಟಕದ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಗೂಡು ಬೇಯಿಸುವ ಒಲೆಗಳ ಸಾಲು. ಬೆಳಿಗ್ಗೆ ಹಚ್ಚಿದರೆ ಹತ್ತು ಗಂಟೆಯ ಹೊತ್ತಿಗೆ ಮೇಲಿನ ನೆಲವೂ ಬೆಚ್ಚಗಾಗಿ, ಏಸಿ ಸೋತು, ಕೋಣೆಯ ಬಿಸಿ ಅಳೆಯುವ ಮಾಪಕ ಏರುತ್ತಿತ್ತು. ಎರಡು ಗಂಟೆಗೆ ಇಳಿಯುತ್ತಿತ್ತು. ಅಷ್ಟು ಹೊತ್ತೂ ಮೊಬೈಲಿಗೆ ಕೆಂಪು ಮೆಸೇಜುಗಳು. ಎರಡು ವಾರ ಕಳೆದ ಮೇಲೆ ಸರ್ ಕರೆದು ಹೇಳಿದರು:

“ಏನಮ್ಮಾ, ನಿನ್ ಶಿಡ್ಲಘಟ್ಟಕ್ಕೆ ದಿನಾ ಜ್ವರ ಬರ್ತದಲ್ಲ? ನನ್ ಹೆಂಡ್ತಿ ಕೂಡ ಇಷ್ಟು ಮೆಸೇಜ್ ಕಳ್ಸಲ್ಲ. ಏನಾದ್ರೂ ಮಾಡು.”

ನಾನು ಏನೋ ಮಾಡಿದೆ. ಸ್ಕ್ರಿಪ್ಟಿನ ತಲೆಯಲ್ಲಿ ಒಂದು ಸಾಲು ಸೇರಿಸಿದೆ: ಊರು ಶಿಡ್ಲಘಟ್ಟವಾಗಿದ್ದು, ಹೊತ್ತು ಹತ್ತರಿಂದ ಎರಡರ ನಡುವೆ ಇದ್ದರೆ, ‘ಸರಿ ಇದೆ’ ಎಂದು ಸೊನ್ನೆ ಹೇಳಿ ಮುಗಿಸು. ಅಂದರೆ ಆ ನಾಲ್ಕು ಗಂಟೆ ಸ್ಕ್ರಿಪ್ಟು ಮಾಪಕದ ಹತ್ತಿರವೇ ಹೋಗುತ್ತಿರಲಿಲ್ಲ. ನೋಡದೆಯೇ ಸರಿ ಇದೆ ಎನ್ನುತ್ತಿತ್ತು. ಬ್ಯಾಟರಿಯ ಬಿಸಿಯನ್ನು ನೋಡುವುದೂ ಅದೇ ಸ್ಕ್ರಿಪ್ಟು ಎಂಬುದು ನನಗೆ ಗೊತ್ತಿತ್ತು. ಸರ್ ಮರುದಿನ ಮೊಬೈಲ್ ಎತ್ತಿ ತೋರಿಸಿ, “ಶಾಂತಿ” ಎಂದರು. ನನಗೆ ಸಂತೋಷವಾಯಿತು. ಎರಡು ತಿಂಗಳಲ್ಲಿ ಆ ಸಾಲನ್ನು ಮರೆತೂಬಿಟ್ಟೆ.

ಶಿಡ್ಲಘಟ್ಟದ ಆಪರೇಟರ್ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಅಕ್ಕ ಎನ್ನುತ್ತಿದ್ದೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬೆಳೆದವರು, ಬಿ.ಕಾಂ. ಓದಿದವರು. ಬೇಸಿಗೆಯಲ್ಲಿ ಹುಳುವಿನ ಮನೆ ತಂಪಾಗಿಡಲು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವ ಹಾಗೆ ನಮ್ಮ ಸರ್ವರ್ ಕೋಣೆಯ ಕಿಟಕಿಗೂ ಕಟ್ಟಿದ್ದರು. ನಾನು ನಕ್ಕಾಗ, “ಹುಳಕ್ಕೂ ನಿನ್ ಸರ್ವರ್‌ಗೂ ಒಂದೇ ರೋಗ ಕಣೇ. ಎರಡೂ ಬಾಯ್ಬಿಟ್ಟು ಹೇಳಲ್ಲ, ನಾವೇ ಮೂಸಿ ನೋಡ್ಬೇಕು” ಎಂದಿದ್ದರು.

ಆ ಶುಕ್ರವಾರ ಫೋನ್ ಮಾಡಿದವರು ಅವರೇ.

“ಏನೋ ವಾಸನೆ ಬರ್ತಾ ಇದೆ ಕಣೇ. ಕೊಳೆತ ಮೊಟ್ಟೆ ಥರ.”

“ಕೆಳಗಿನ ಹುಳದ ವಾಸನೆ ಇರ್ಬೇಕು ಅಕ್ಕ.”

“ನಾನ್ ಹುಳದ ವಾಸನೇಲೇ ಹುಟ್ಟಿ ಬೆಳೆದೋಳು. ಇದು ಅದಲ್ಲ. ಸ್ವಲ್ಪ ನೋಡು.”

ನೋಡಿದೆ. ಶಿಡ್ಲಘಟ್ಟದ ಸಾಲು ಪೂರ್ತಿ ಹಸಿರು.

“ಇಲ್ಲೆಲ್ಲ ಸರಿ ಇದೆ ಅಕ್ಕ. ಬಾಗಿಲು ಕಿಟಕಿ ಭದ್ರ ಮಾಡಿ ಏಸಿ ಜಾಸ್ತಿ ಮಾಡಿ. ಹೊರಗಿಂದ ಬರೋ ವಾಸನೆ ನಿಲ್ಲುತ್ತೆ.”

“ಸರಿ ಬಿಡಮ್ಮ. ಓದಿದೋಳು ನೀನು ಹೇಳ್ತೀಯಲ್ಲ” ಎಂದು ಚುಚ್ಚಿ, ಫೋನಿಟ್ಟರು. ನಾನು ಡಬ್ಬಿ ತೆರೆದು ಊಟ ಮಾಡಿದೆ. ಚಿತ್ರಾನ್ನ. ಇವತ್ತಿಗೂ ಅದನ್ನು ತಿನ್ನುವಾಗ ಮೊದಲ ತುತ್ತಿಗೆ ಒಂದು ಕ್ಷಣ ನಿಲ್ಲುತ್ತೇನೆ.

ಒಂದು ಗಂಟೆ ಐದು ನಿಮಿಷಕ್ಕೆ ಮತ್ತೆ ಫೋನ್. ಈ ಸಲ ಅಕ್ಕನ ದನಿಗಿಂತ ಮೊದಲು ಕೆಮ್ಮು ಕೇಳಿತು.

“ತಲೆ ಸುತ್ತುತ್ತೆ ಕಣೇ. ಬ್ಯಾಟರಿ ಹೊಟ್ಟೆ ಉಬ್ಬಿದಂಗಿದೆ.”

“ಕೆಳಗೆ ಒಲೆ ಜಾಸ್ತಿ ಉರೀತಿದೆಯಾ ಅಕ್ಕ?”

“ಯಾವ ಒಲೆ? ಶುಕ್ರವಾರ ಅಲ್ವಾ ಇವತ್ತು. ಶುಕ್ರವಾರ ಕೆಳಗೆ ಒಲೆ ಹಚ್ಚಲ್ಲ.”

ಗೋಡೆ ಗಡಿಯಾರ ನೋಡಿದೆ. ಹತ್ತರಿಂದ ಎರಡರ ನಡುವೆ. ನನ್ನ ಸಾಲು ನೆನಪಾಯಿತು.

“ಅಕ್ಕಾ, ಹೊರಗೆ ಹೋಗಿ. ಎಲ್ಲ ಬಿಟ್ಟು ಬಾಗಿಲು ತೆಗೆದು ಹೊರಗೆ ಹೋಗಿ.”

ರಿಸೀವರ್ ಮೇಜಿಗೆ ಬಡಿದ ಸದ್ದು. ಆಮೇಲೆ ಏಸಿಯ ಗುಂಯ್‌ಗುಟ್ಟುವಿಕೆ ಮಾತ್ರ. ನಾನು ಕಿವಿಯಲ್ಲಿ ಅದನ್ನು ಕೇಳುತ್ತಿದ್ದೆ, ಕಣ್ಣೆದುರು ಪರದೆ ಹಸಿರಾಗಿತ್ತು.

ಸರ್ ಊರಿನಲ್ಲಿರಲಿಲ್ಲ. ಕೆಳಗಿನ ಘಟಕದವರ ನಂಬರ್ ನನ್ನಲ್ಲಿರಲಿಲ್ಲ. ಹಿಂದೊಮ್ಮೆ ಲ್ಯಾಂಡ್‌ಲೈನ್ ಕೆಟ್ಟಾಗ ಅಕ್ಕ, ಅಲ್ಲೇ ಕೆಳಗೆ ವಾಸವಿದ್ದ ಘಟಕದವರ ಸೊಸೆಯ ಮೊಬೈಲಿನಿಂದ ಮಾತಾಡಿದ್ದು ನೆನಪಾಯಿತು. ನನ್ನ ಮೊಬೈಲಿನಲ್ಲಿ ಹಳೆಯ ಕರೆಗಳ ಪಟ್ಟಿ ಹುಡುಕುತ್ತ ಹೋದೆ. ಕೊನೆಗೆ ಸಿಕ್ಕಿದ ನಂಬರಿಗೆ ಆ ಸೊಸೆಯೇ ಓಗೊಟ್ಟಳು.

“ಕೌನ್? ಯಾರು?”

“ಮೇಲಿನ ಕಂಪ್ಯೂಟರ್ ಆಫೀಸು. ಅಕ್ಕ ಬಿದ್ದಿದಾರೆ. ಬೇಗ ಹೋಗಿ ಬಾಗಿಲು ತೆಗೀರಿ.”

“ಗಂಡಸರೆಲ್ಲ ನಮಾಜ್‌ಗೆ ಹೋಗವ್ರೆ.”

“ನೀವೇ ಹೋಗಿ. ಮೂಗಿಗೆ ಒದ್ದೆ ಬಟ್ಟೆ ಕಟ್ಕೊಳ್ಳಿ.”

ಅವಳು ಮೊಬೈಲ್ ಆಫ್ ಮಾಡದೆಯೇ ಓಡಿದಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಬಾಗಿಲು ದೂಡಿದ ಸದ್ದು, “ಬಾಜೀ, ಬಾಜೀ” ಎಂದು ತನ್ನ ಮಾತಿನಲ್ಲಿ ಅಕ್ಕನನ್ನು ಕೂಗಿದ್ದು, ಏನನ್ನೋ ನೆಲದ ಮೇಲೆ ಎಳೆದದ್ದು, ಇಷ್ಟೂ ಕೇಳಿಸಿತು. ಆಮೇಲೆ ಅವಳು ಕೆಮ್ಮುತ್ತ ಹೇಳಿದಳು: “ಬಾಜಿ ಮಾತಾಡ್ತಾ ಇಲ್ಲ. ಉಸಿರು ಐತೆ.”

ಅವಳು ಹೊರಗಿನ ಮೇನ್ ಸ್ವಿಚ್ ಕೂಡ ಇಳಿಸಿದಳು, ನಾನು ಹೇಳದೆಯೇ. ಕೆಟ್ಟ ಬ್ಯಾಟರಿಗೆ ಹೊರೆ ತಾಳಲಾಗದೆ ಆಗ ಶಿಡ್ಲಘಟ್ಟದ ಸರ್ವರ್ ಸತ್ತು, ಪರದೆ ಆ ದಿನ ಮೊದಲ ಸಲ ಕೆಂಪಾಯಿತು. ನನ್ನ ಮೊಬೈಲಿಗೆ ಮೆಸೇಜು ಬಂತು.

ಅಕ್ಕನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ತಂದರು. ಸಂಜೆಗೆ ಎಚ್ಚರವಾಯಿತು. ಬ್ಯಾಟರಿ ಮಿತಿ ಮೀರಿ ಕಾದು ವಿಷದ ಗಾಳಿ ಬಿಟ್ಟಿದೆ, ಇನ್ನೊಂದು ಹತ್ತು ನಿಮಿಷ ಮುಚ್ಚಿದ ಕೋಣೆಯಲ್ಲಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮುಚ್ಚಿದ ಕೋಣೆ ಎಂಬ ಮಾತನ್ನು ಅವರು ಸಹಜವಾಗಿ ಹೇಳಿದರು. ನಾನು ನೆಲ ನೋಡಿದೆ.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಆ ಸಾಲನ್ನು ಅಳಿಸಿದೆ. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಸಾಲು ಸೇರಿಸಿದ್ದು ತಿಳಿಗೇಡಿತನವಿರಬಹುದು. ಅಳಿಸಿದ್ದು, ಯಾರ ಕಣ್ಣಿಗೂ ಬೀಳದಿರಲೆಂದು, ತಿಳಿದೇ ಮಾಡಿದ್ದು.

ಸೋಮವಾರ ಸರ್ ಲಾಗ್ ಪ್ರಿಂಟ್ ತರಿಸಿ ನೋಡಿದರು.

“ಮೆಷಿನ್ ಎಲ್ಲ ಸರಿ ಇದೆ ಅಂತಾನೇ ತೋರಿಸ್ತಿದೆಯಲ್ಲಮ್ಮಾ. ಬ್ಯಾಟರಿ ದಿಢೀರ್ ಕೆಟ್ಟಿರ್ಬೇಕು. ಆದ್ರೆ ಆಯಮ್ಮ ಯಾಕೆ ಬಾಗಿಲು ಕಿಟಕಿ ಮುಚ್ಕೊಂಡು ಕೂತಿದ್ದು? ಇಷ್ಟು ಬುದ್ಧಿ ಬೇಡ್ವಾ? ನಾಳೆ ಏನಾದ್ರೂ ಆದ್ರೆ ನನ್ ಕುತ್ತಿಗೆಗೆ ಬರತ್ತೆ. ಬೇರೆಯವ್ರನ್ನ ನೋಡ್ತೀನಿ.”

ನಾನು ಬಾಯಿ ತೆರೆದೆ. “ಹೊಸ ಬ್ಯಾಟರಿ ಯಾವಾಗ ಬರತ್ತೆ ಸರ್?” ಎಂದು ಕೇಳಿ ಹೊರಗೆ ಬಂದೆ.

ಆಮೇಲಿನ ದಿನಗಳಲ್ಲಿ ನನಗೆ ನಿದ್ದೆ ಹಾರಿಹೋಯಿತು. ಮೊಬೈಲ್ ದಿಂಬಿನ ಪಕ್ಕದಲ್ಲಿರುತ್ತಿತ್ತು. ಮೊದಲೆಲ್ಲ ಮೆಸೇಜು ಬಂದರೆ ಎಚ್ಚರವಾಗುತ್ತಿದ್ದವಳಿಗೆ ಈಗ ಬಾರದಿದ್ದರೆ ಎಚ್ಚರವಾಗುತ್ತಿತ್ತು. ಒಂದು ದಿನ ಹಳೆಯ ಕೆಂಪು ಮೆಸೇಜುಗಳನ್ನು ಒಂದೊಂದಾಗಿ ತೆಗೆದು ದಿನ ಹಾಕಿ ನೋಡಿದೆ. ಸೋಮವಾರದ್ದಿತ್ತು, ಬುಧವಾರದ್ದಿತ್ತು, ಭಾನುವಾರದ್ದೂ ಇತ್ತು. ಶುಕ್ರವಾರದ್ದು ಒಂದೂ ಇರಲಿಲ್ಲ. ಸಾಲು ಸೇರಿಸುವ ಮೊದಲು ಐದು ನಿಮಿಷ ಕೂತು ಇದನ್ನು ನೋಡಿದ್ದರೆ ಸಾಕಿತ್ತು, ಶುಕ್ರವಾರವನ್ನಾದರೂ ಆ ಸಾಲಿನಿಂದ ಹೊರಗಿಡುತ್ತಿದ್ದೆ. ಅಕ್ಕನನ್ನು ಒಂದು ಮಾತು ಕೇಳಿದ್ದರಂತೂ ಐದು ನಿಮಿಷವೂ ಬೇಕಿರಲಿಲ್ಲ.

ಹೊಸ ಆಪರೇಟರ್‌ಗೆ ಕೆಲಸ ಕಲಿಸಿ ಬಾ ಎಂದು ಸರ್ ನನ್ನನ್ನೇ ಶಿಡ್ಲಘಟ್ಟಕ್ಕೆ ಕಳಿಸಿದರು. ಬಸ್ ಇಳಿದು ಕೋಣೆಗೆ ಹೋಗುವ ಬದಲು ಅಕ್ಕನ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ದನಿ ಒಡೆದು ಗೊಗ್ಗರಾಗಿತ್ತು.

“ಏಮಮ್ಮಾ, ಈಗ ದಾರಿ ಗೊತ್ತಾಯ್ತಾ? ಕೂತ್ಕೋ. ಸುಮ್ನೆ ಕೂರ್ಬೇಡ, ಕಾಯಿ ಬಿಡ್ಸು.”

ಬಿಡಿಸಿದೆ. ನಾನು ಮಾತು ಹುಡುಕುತ್ತಿರುವಾಗ ಅವರೇ ಹೇಳಿದರು: “ಯಾಕೆ ಬಾಗಿಲು ಮುಚ್ಚಿದ್ರಿ ಅಂತ ನಿಮ್ ಸರ್ ಕೇಳಿದ್ರು. ಏನೋ ಗೊತ್ತಾಗ್ಲಿಲ್ಲ ಅಂದೆ. ನಿನ್ ಹೆಸರು ಹೇಳ್ಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿರೋಳು, ಹೋಗ್ಲಿ ಅಂತ.”

ಆಗ ನಾನು ಎಲ್ಲ ಹೇಳಿದೆ. ಸಾಲಿನ ವಿಷಯ, ಹತ್ತರಿಂದ ಎರಡರ ವಿಷಯ, ಶನಿವಾರ ಅಳಿಸಿದ ವಿಷಯ. ಅಕ್ಕನ ಕೈ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬಿಡಿಸಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದರು, ತಿಳಿದು ಹೆಕ್ಕಿ ತೆಗೆದರು.

“ಅಂದ್ರೆ ನಿನ್ ಮೆಷಿನ್ ನೋಡ್ಲೇ ಇಲ್ಲ.”

“ಇಲ್ಲ ಅಕ್ಕ.”

“ನಾನು ನೋಡಿ ಹೇಳಿದ್ನಲ್ಲ. ನನ್ ಮೂಗಿಗಿಂತ ಅದು ಹೆಚ್ಚಾಯ್ತಾ ನಿಂಗೆ?”

ನನಗೆ ಅಳು ಬಂತು.

“ಅತ್ತು ನನ್ನತ್ರ ಏನೂ ಆಗಲ್ಲ. ಹೋಗಿ ಅವ್ರಿಗೆ ಹೇಳು. ನನ್ ಕೆಲಸ ನಂಗೆ ಬೇಕು.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅದೇ ದಿನ ಚಿಕ್ಕಬಳ್ಳಾಪುರಕ್ಕೆ ಹಿಂದಿರುಗಿ, ಸರ್ವರ್‌ನ ಹಳೆಯ ಬ್ಯಾಕಪ್ಪಿನಿಂದ ಆ ಸ್ಕ್ರಿಪ್ಟನ್ನು ಹೊರತೆಗೆದು ಪ್ರಿಂಟ್ ಮಾಡಿ, ನನ್ನ ಸಾಲಿನ ಕೆಳಗೆ ಗೆರೆ ಎಳೆದು, ಒಂದು ಪತ್ರದ ಜೊತೆ ಸರ್ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

“ಮೆಸೇಜ್ ನಿಲ್ಲಿಸು ಅಂದೋನು ನಾನೇ” ಎಂದರು. “ಆದ್ರೆ ಕಣ್ಣು ಕಟ್ಟು ಅಂದಿರ್ಲಿಲ್ಲ.”

ಅಕ್ಕನ ಕೆಲಸ ಉಳಿಯಿತು. ನನ್ನನ್ನು ಗೌರಿಬಿದನೂರಿಗೆ ಆಪರೇಟರ್ ಆಗಿ ಹಾಕಿದರು, ಬ್ಯಾಟರಿಯ ಸಾಲಿನ ಪಕ್ಕದ ಕುರ್ಚಿಗೆ. ಅದು ಶಿಕ್ಷೆಯೆಂದು ಅವರಿಗೂ ನನಗೂ ಗೊತ್ತಿತ್ತು. ನಾನು ಮೊದಲು ಮಾಡಿದ ಕೆಲಸ ಕಿಟಕಿಯ ಚಿಲಕ ಸಡಿಲ ಮಾಡಿದ್ದು.

ಸ್ಕ್ರಿಪ್ಟು ಬರೆಯುವುದನ್ನು ಮಾತ್ರ ಅವರು ನನ್ನಿಂದ ಕಿತ್ತುಕೊಳ್ಳಲಿಲ್ಲ. ಪ್ರತಿ ಪ್ಲಗಿನ್ನನ್ನೂ ತಿದ್ದಿದೆ. ಮಾಪಕ ಓದಲು ಆಗದಿದ್ದರೆ ಮೂರು, ಅಂದರೆ ಗೊತ್ತಿಲ್ಲ. ಯಾರಾದರೂ ಬೇಕೆಂದೇ ಎಚ್ಚರಿಕೆಯನ್ನು ಸುಮ್ಮನಿರಿಸಿದ್ದರೂ ಮೂರು. ನೋಡದೆ ಸೊನ್ನೆ ಹೇಳುವ ದಾರಿ ಯಾವುದರಲ್ಲೂ ಉಳಿಯಲಿಲ್ಲ. ಇದನ್ನು ಅಕ್ಕನಿಗೆ ಫೋನಿನಲ್ಲಿ ವಿವರಿಸಿದಾಗ ಅವರು ಕೇಳಿದರು: “ಎಲ್ಲ ಸರಿ. ನನ್ ಮೂಗು ಎಲ್ಲಿದೆ ಇದ್ರಲ್ಲಿ?”

ಹಾಗಾಗಿ ಇನ್ನೊಂದು ಪ್ಲಗಿನ್ ಬರೆದೆ. ನಾನು ಬರೆದವುಗಳಲ್ಲೇ ಚಿಕ್ಕದು, ಏಳು ಸಾಲು. ಆಪರೇಟರ್ ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಸರ್ವರ್‌ನಲ್ಲಿ ಒಂದು ಖಾಲಿ ಕಡತ ಹುಟ್ಟುತ್ತದೆ. ಆ ಕಡತ ಇದ್ದರೆ ಸ್ಕ್ರಿಪ್ಟು ಬೇರೆ ಯಾವ ಮಾಪಕವನ್ನೂ ಕೇಳದೆ ಎರಡು ಹೇಳುತ್ತದೆ. ಕೆಂಪು. ಅದಕ್ಕೆ ‘ವಾಸನೆ’ ಎಂದು ಹೆಸರಿಟ್ಟೆ. ನಾಲ್ಕೂ ಊರಿಗೆ ಹಾಕಿದೆ.

ಅಕ್ಕ ಕೆಲಸಕ್ಕೆ ಮರಳಿದ ವಾರದ ಶುಕ್ರವಾರ, ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ನನ್ನ ಮೊಬೈಲ್ ಗುಡುಗುಟ್ಟಿತು. ಶಿಡ್ಲಘಟ್ಟ, ವಾಸನೆ, ಅಪಾಯ. ಫೋನ್ ಹಚ್ಚಿದೆ.

“ಅಕ್ಕಾ, ಹೊರಗೆ ಬನ್ನಿ ಮೊದಲು.”

“ಹೊರಗೇ ಇದೀನಿ ಕಣೇ, ಸೊಸೆ ಜೊತೆ ಮೆಟ್ಟಿಲ ಮೇಲೆ” ಎಂದಿತು ಆ ಒಡೆದ ದನಿ. “ಏನೂ ಆಗಿಲ್ಲ. ನಾನ್ ಒತ್ತಿದ್ರೆ ನಿಂಗೆ ತಲುಪುತ್ತಾ ಇಲ್ವಾ ಅಂತ ನೋಡ್ದೆ.”

“ತಲುಪ್ತು ಅಕ್ಕ.”

“ಎಷ್ಟು ಹೊತ್ತಾಯ್ತು?”

“ಒಂದು ನಿಮಿಷ.”

“ಹೂಂ. ಪರವಾಗಿಲ್ಲ” ಎಂದು ಫೋನಿಟ್ಟರು.

ಆ ಸಂಜೆ ಊರಿಗೆ ಬಂದು, ಉಂಡು, ಮೊಬೈಲನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಮಲಗಿದೆ. ನಡುವೆ ಒಂದು ಸಲವೂ ಎಚ್ಚರವಾಗಲಿಲ್ಲ. ಕಣ್ಣು ತೆರೆದಾಗ ಹಿತ್ತಿಲಿನಲ್ಲಿ ಬಿಸಿಲು ಬಿದ್ದಿತ್ತು, ಅಮ್ಮ ಬಟ್ಟೆ ಒಗೆಯುತ್ತಿದ್ದಳು. ಶನಿವಾರವಾಗಿತ್ತು.