ದ್ರಾಕ್ಷಿ ಲೇಬಲ್ಲಿನ ಪುನರ್ಪುಳಿ

ಕಾಪುವಿನ ಅತ್ತೆ ಕೋಕಂ ಅನ್ನುವ ಹುಳಿ ಹಣ್ಣು ಪುನರ್ಪುಳಿಯ ಶರಬತ್ತು ಮಾಡಿ, ತೊಳೆದ ಬ್ರಾಂಡಿ ಬಾಟಲಿಗಳಲ್ಲಿ ತುಂಬಿ ಕಟಪಾಡಿಯ ಅಂಗಡಿಗೆ ಕೊಡುತ್ತಿದ್ದರು. ಮಣಿಪಾಲದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ನನಗೆ ಆ ಬೋಳು ಬಾಟಲಿ ನೋಡಿದರೆ ನಾಚಿಕೆ. "ಲೇಬಲ್ ಇಲ್ಲದಿದ್ದರೆ ಯಾರು ಮುಟ್ಟುತ್ತಾರೆ ಅತ್ತೆ?" ಎಂದು ಗತ್ತಿನಿಂದ ಹೇಳಿ ನಾನೇ ಲೇಬಲ್ ಅಚ್ಚು ಹಾಕಿದೆ. ಪ್ರೆಸ್ಸಿನಲ್ಲಿ ಪುನರ್ಪುಳಿ ಚಿತ್ರದ ಬ್ಲಾಕ್ ಇರಲಿಲ್ಲ, ದ್ರಾಕ್ಷಿಗೊಂಚಲಿನದು ಇತ್ತು. ಅದನ್ನೇ ಒತ್ತಿ, ಕೆಳಗೆ ಬರೀ 'ಶರಬತ್ತು' ಎಂದು ಜೋಡಿಸಿದೆ.

ವಾರದೊಳಗೆ ಬಾಟಲಿಗಳು ವಾಪಸು ಬಂದವು. ಹುಳಿ ಬಂದಿದೆ ಎಂದಷ್ಟೇ ಅಂಗಡಿಯವರು ಹೇಳಿ ಕಳಿಸಿದ್ದರು. ದ್ರಾಕ್ಷಿರಸವೆಂದು ಕೊಂಡವರ ದೂರು ಅದೆಂದು ನನಗೆ ತಕ್ಷಣ ಹೊಳೆಯಿತು.

"ನನ್ನ ಕೈಯೇ ಕೆಟ್ಟಿತಾ ಮಗಾ? ಎಂತ ಆಗಿದೆ, ನೀನೇ ಕುಡಿದು ನೋಡು" ಎಂದರು ಅತ್ತೆ.

ಕುಡಿದೆ. ಎಂದಿನಷ್ಟೇ ಚೆನ್ನಾಗಿತ್ತು.

"ಹೌದು, ಹುಳಿ ಬಂದಿದೆ" ಎಂದೆ.

ಅವರು ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದರು. ಒಂದೊಂದೇ ಮುಚ್ಚಳ ತೆಗೆದುಕೊಟ್ಟವನು ನಾನು.