ಉಗುರಿನಡಿಯ ಗಡ್ಡೆ

ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆ ವರ್ಷ ಮಾತ್ರ ಅದು ಬಲಗೈಯ ಉಂಗುರದ ಬೆರಳಿಗೆ ಇಳಿದಿತ್ತು. ನೋಡಲು ಬೆರಳಿಗೇನೂ ಆಗಿರಲಿಲ್ಲ, ಬಾವಿಲ್ಲ, ಗಾಯವಿಲ್ಲ. ಉಗುರಿಗೆ ಏನಾದರೂ ತಾಕಿದರೆ, ತಣ್ಣೀರು ಬಿದ್ದರೆ ಮೊಳೆ ಜಡಿದ ಹಾಗೆ ನೋವು ಭುಜದವರೆಗೆ ಏರುತ್ತಿತ್ತು. ಮಸ್ಕಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ನನ್ನ ಕೆಲಸ. ಒಂದು ಸಂಜೆ ಅರ್ಧ ಬಡಿದ ರೊಟ್ಟಿಯನ್ನು ಗೋಡೆಗೆ ಎಸೆದೆ. ಅತ್ತೆ ಕೆಲಸಗಳ್ಳಿ ಎಂದರು, ನಾನೂ ಬಾಯಿಗೆ ಬಂದದ್ದು ಬೈದೆ.

ಲಿಂಗಸುಗೂರಿನಲ್ಲಿ ಒಬ್ಬ ಡಾಕ್ಟರು ಉಗುರು ಕಿತ್ತು ನೋಡಿದರು. ಏನೂ ಸಿಗಲಿಲ್ಲ. ಇದೆಲ್ಲ ನಾಟಕ ಎನ್ನಲು ನನ್ನ ಗಂಡನಿಗೆ ಅಷ್ಟೇ ಸಾಕಾಯಿತು. ಉಗುರು ಮತ್ತೆ ಬೆಳೆದ ಮೇಲೆ, ಬಟ್ಟೆ ಒಗೆಯಲಾರೆ ಎಂದು ನಾನು ಹೇಳಿದ ದಿನ, ಆ ಬೆರಳನ್ನು ಹಿಡಿದು ಬಾಗಿಲ ಚೌಕಟ್ಟಿಗೆ ಒತ್ತಿದ.

"ಎಲ್ಲಿ ಐತಿ ನೋವು? ತೋರ್ಸು" ಎಂದ.

ಅವನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದೆ. ಅವನು ಕೂದಲು ಹಿಡಿದು ನೆಲಕ್ಕೆ ಕೆಡವಿದ. ಎದ್ದು ಹೋಗಿ ಈಳಿಗೆ ತಂದೆ. ಅವನಿಗಲ್ಲ, ಬೆರಳಿಗೆ. ಬೆರಳನ್ನು ಅಲಗಿಗೆ ಇಟ್ಟಾಗಲೇ ಅವನು ಹೆದರಿದ್ದು. ಮರುದಿನ ಸಿಂಧನೂರಿನ ಬಸ್ಸು ಹತ್ತಿಸಿ, ತಾನೂ ಜೊತೆಗೆ ಬಂದ. ನೋವು ಹೋಗದಿದ್ದರೆ ಬೆರಳನ್ನೇ ಕತ್ತರಿಸಿಕೊಳ್ಳುವುದೆಂದು ನಾನು ಗಟ್ಟಿ ಮಾಡಿಕೊಂಡಿದ್ದೆ.

ಅಲ್ಲಿನ ಸರ್ಜನ್ ಗುಂಡುಸೂಜಿಯ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಒತ್ತುತ್ತ ಬಂದರು. ಒಂದು ಕಡೆ ಒತ್ತಿದ್ದೇ ತಡ, ಚೀರಿ ಒದ್ದುಬಿಟ್ಟೆ. ಅವರು ಸ್ಟೂಲಿನ ಸಮೇತ ಉರುಳಿದರು. ಎದ್ದವರು ಬೈಯಲಿಲ್ಲ. ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ, ರಕ್ತ ಕೈಗೆ ಇಳಿಯದಂತೆ ಬಿಗಿದು, ಅದೇ ಜಾಗವನ್ನು ಮತ್ತೆ ಒತ್ತಿದರು. ನೋವೇ ಇಲ್ಲ. ರಕ್ತ ತಡೆದಾಗ ನೋವೂ ನಿಲ್ಲುವುದೇ ಈ ಕಾಯಿಲೆಯ ಗುರುತು ಎಂದರು. ಸ್ಕ್ಯಾನಿಂಗ್ ಮಾಡಿಸಿ, ಉಗುರಿನಡಿ ಗ್ಲೋಮಸ್ ಎಂಬ ಅಪರೂಪದ ಗಡ್ಡೆ ಇದೆ, ಕ್ಯಾನ್ಸರ್ ಅಲ್ಲ, ತೆಗೆದರೆ ಬೆರಳು ಉಳಿಯುತ್ತದೆ ಎಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿದರು.

"ನಾಟಕ ಅಲ್ರೀ ಇದು. ಖರೇನ ಐತಿ."

ಅಷ್ಟು ಕೇಳಿ ನಾನು ಗೊಳೋ ಎಂದು ಅತ್ತೆ.

ಆಪರೇಷನ್ ದಿನ ಬೆರಳನ್ನು ಮರಗಟ್ಟಿಸಿ, ಉಗುರು ತೆಗೆದು, ಅದರಡಿ ಸೀಳಿ ಗಡ್ಡೆಯನ್ನು ಹೊರತೆಗೆದರು. ಕೆಂಪಗಿತ್ತು, ಜೋಳದ ಕಾಳಿನಷ್ಟೂ ಇರಲಿಲ್ಲ. ಪರೀಕ್ಷೆಗೆ ಕಳಿಸುವ ಮುನ್ನ ಶೀಶೆಯಲ್ಲಿ ಹಾಕಿ ವಾರ್ಡಿಗೆ ತಂದು ಗಂಡನಿಗೆ ತೋರಿಸಿದರು. ಅವನು ಬೆಳಕಿಗೆ ಹಿಡಿದು ನೋಡಿ ನಕ್ಕ.

"ಇಷ್ಟು ಸಣ್ಣದಕ್ಕ ಅಷ್ಟು ಒದರತಿದ್ದೇನು?"

ಪಟ್ಟಿ ಕಟ್ಟದ ಕೈಯನ್ನು ಎತ್ತಿ ಅವನ ಕೆನ್ನೆಗೆ ಬಿಟ್ಟೆ. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇದೂ ಸಣ್ಣದ ಐತ್ರಿ" ಎಂದೆ. "ಒದರಬ್ಯಾಡ್ರಿ."